ಹ್ಯಾಂಗರಿನ ಕಟ್ಟೆಪುರಾಣ

ಹೋದ ಜೂನ್ ತಿಂಗಳ ಒಂದು ಶನಿವಾರ, ಸಮುದ್ರದ ಕಡೆಯಿಂದ ಬಂದ ಮೋಡ ಊರಿನ ಮೇಲೆ ಪಾತ್ರೆಯ ಮುಚ್ಚಳದಂತೆ ಕೂತುಬಿಟ್ಟಿತ್ತು. ಕ್ಯಾಲಿಫೋರ್ನಿಯಾದ ಕರಾವಳಿಗೆ ಹತ್ತಿರದಲ್ಲಿ ಸಣ್ಣ ವಿಮಾನ ಇಟ್ಟುಕೊಂಡವರಿಗೆ ಬೇಸಿಗೆಯ ಬೆಳಗುಗಳಲ್ಲಿ ಇದು ಮಾಮೂಲು. ಹತ್ತು ಹನ್ನೊಂದು ಗಂಟೆಗೆ ಬಿಸಿಲೇರಿ ಮೋಡ ಹರಿಯುವ ತನಕ ನಮ್ಮಂಥವರು ಹಾರುವಂತಿಲ್ಲ. ವಿಮಾನ ನಿಲ್ಲಿಸುವ ಶೆಡ್ಡಾದ ಹ್ಯಾಂಗರಿನ ತಗಡಿನ ಬಾಗಿಲನ್ನು ಅರ್ಧಕ್ಕೆ ಸರಿಸಿ, ಮಡಚುವ ಕುರ್ಚಿಗಳನ್ನು ಹೊರಗೆಳೆದು, ಫ್ಲಾಸ್ಕಿನ ಕಾಫಿ ಹಂಚಿಕೊಂಡು, ಆಕಾಶ ನೋಡುತ್ತಾ ಕೂರುವುದೇ ಕೆಲಸ. ನಮ್ಮೂರ ಅರಳಿಕಟ್ಟೆಗೂ ಇದಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಂಡಿಲ್ಲ. ಅಲ್ಲಿ ಎಲೆಯಡಿಕೆ, ಇಲ್ಲಿ ಕಾಫಿ, ಅಷ್ಟೆ. ಆ ದಿನ ಏಕೋ ಮಾತಿನ ಲೆಕ್ಕ ಇಡಬೇಕೆನ್ನಿಸಿ ಗಡಿಯಾರ ನೋಡಿಕೊಂಡೆ. ಎರಡೂವರೆ ಗಂಟೆಯಲ್ಲಿ ಹಾರಾಟದ ವಿಷಯ ನಡೆದದ್ದು ಇಪ್ಪತ್ತು ನಿಮಿಷವೂ ಇಲ್ಲ. ಉಳಿದದ್ದೆಲ್ಲ ಗೊಣಗಾಟ.

ಗೊಣಗಾಟದ ವಿಷಯಗಳಾದರೂ ಎಂಥವು! ನಿವೃತ್ತ ಶಾಲಾ ಮೇಷ್ಟ್ರೊಬ್ಬರಿಗೆ ಔಷಧಿ ಅಂಗಡಿಯ ಫೋನಿನ ಮೇಲೆ ಸಿಟ್ಟು: ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಹುಟ್ಟಿದ ತಾರೀಖು ಹೇಳಿ ಎಂದೆಲ್ಲ ಕೇಳಿ, ಕೊನೆಗೆ ತಾನಾಗಿಯೇ ಕರೆ ಕತ್ತರಿಸುತ್ತದಂತೆ. ದಂತವೈದ್ಯೆಯ ಮನೆಯ ಹೊಸ ಫ್ರಿಜ್ಜು ವೈಫೈ ಪಾಸ್‌ವರ್ಡ್ ಕೊಡುವ ತನಕ ಕೆಂಪು ದೀಪ ಆರಿಸುವುದಿಲ್ಲ. ಕೊಳಾಯಿ ಕೆಲಸ ಮಾಡುವ ಮೂರನೆಯವರ ವ್ಯಾನಿನಲ್ಲಿ ಇಪ್ಪತ್ತು ವರ್ಷದಿಂದ ಪಾರ್ಕಿಂಗಿಗೆಂದು ಚಿಲ್ಲರೆ ತುಂಬಿದ ಡಬ್ಬಿಯೊಂದಿದೆ. ಈಗ ಪ್ರತಿ ಬೀದಿಗೂ ಒಂದೊಂದು ಆ್ಯಪ್ ಬಂದು ಆ ಡಬ್ಬಿ ಸುಮ್ಮನೆ ಗಲಗಲ ಎನ್ನುತ್ತದೆ. ನಾಲ್ಕನೆಯವನು ನಾನು, ನನ್ನ ಬ್ಯಾಂಕಿನ ಕಥೆ ಮುಂದೆ ಬರುತ್ತದೆ. ನಾವು ನಾಲ್ವರೂ ಸೇರಿ 1974ರ ಒಂದು ಸೆಸ್ನಾ 172 ವಿಮಾನದ ಒಡೆಯರು. ವಿಮಾನದ ಒಡೆತನ ಎಂದೊಡನೆ ಸಿರಿವಂತಿಕೆಯ ಚಿತ್ರ ಕಣ್ಣಿಗೆ ಬರುವುದು ಸಹಜ. ಆದರೆ ಐವತ್ತು ವರ್ಷ ಹಳೆಯ ವಿಮಾನದ ಕಾಲುಪಾಲು ಇಲ್ಲಿನ ಹೊಸ ಕಾರೊಂದರ ಬೆಲೆಗಿಂತ ಕಡಿಮೆ. (ಕೊಂಡ ಮೇಲೆ ಹ್ಯಾಂಗರ್ ಬಾಡಿಗೆ, ವಿಮೆ, ರಿಪೇರಿ ಎಂದು ಅದು ತಿನ್ನುವುದು ಬೇರೆ ಮಾತು.)

ನನ್ನನ್ನು ಕಾಡಿದ್ದು ಇಷ್ಟೇ. ಮೋಡ ಹರಿದರೆ ಸಾಕು, ನೆಲದ ಸಂತೆಯನ್ನೆಲ್ಲ ನೆಲದಲ್ಲೇ ಬಿಟ್ಟು ಮೂರು ಸಾವಿರ ಅಡಿ ಮೇಲಕ್ಕೆ ಹೋಗಬಲ್ಲ ಈ ಜನರಿಗೇ ಪಾರ್ಕಿಂಗ್ ಆ್ಯಪ್ ಏಕೆ ಇಷ್ಟು ಚುಚ್ಚುತ್ತದೆ? ಹೊಟ್ಟೆ ತುಂಬಿದವರ ಗೊಣಗಾಟವಿದು ಎಂದು ಮೊದಲು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಇವರು ಎಲ್ಲದರ ಬಗ್ಗೆಯೂ ಗೊಣಗುವುದಿಲ್ಲ. ಮನುಷ್ಯರನ್ನು ನಿಜಕ್ಕೂ ಹಣ್ಣುಮಾಡಬಲ್ಲ ಒಂದು ವಿಷಯದ ಬಗ್ಗೆ ಇವರ ಬಾಯಲ್ಲಿ ದೂರೇ ಬರುವುದಿಲ್ಲ.

ಕಟ್ಟುಪಾಡುಗಳ ಮಧ್ಯೆ

ಆ ವಿಷಯವೆಂದರೆ ನಿಯಮಗಳು. ಸಣ್ಣ ವಿಮಾನ ಹಾರಿಸುವುದರಷ್ಟು ಕಟ್ಟುಪಾಡಿನ ಹವ್ಯಾಸವನ್ನು ನಾನು ಬೇರೆ ಕಂಡಿಲ್ಲ. ವಿಮಾನವನ್ನು ಹನ್ನೆರಡು ತಿಂಗಳಿಗೊಮ್ಮೆ ಮುಚ್ಚಳಗಳನ್ನು ಬಿಚ್ಚಿ ಪೂರ್ತಿ ತಪಾಸಣೆ ಮಾಡಿಸಬೇಕು. ಹಾರಿಸುವವರು ಎರಡು ವರ್ಷಕ್ಕೊಮ್ಮೆ ಬೋಧಕರೆದುರು ಕೂತು ಮತ್ತೆ ಪರೀಕ್ಷೆಗೊಳಗಾಗಬೇಕು. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಬೇಕೆಂದರೆ ಹಿಂದಿನ ತೊಂಬತ್ತು ದಿನಗಳಲ್ಲಿ ಮೂರು ಬಾರಿ ಏರಿ ಮೂರು ಬಾರಿ ಇಳಿದಿರಬೇಕು. 2020ರ ಜನವರಿಯಿಂದ, ದೊಡ್ಡ ಏರ್‌ಪೋರ್ಟುಗಳ ಸುತ್ತಲಿನ ಆಕಾಶಕ್ಕೆ ಹೋಗುವ ಪ್ರತಿ ವಿಮಾನವೂ ತಾನೆಲ್ಲಿದ್ದೇನೆಂದು ತಾನೇ ಸಾರುತ್ತಿರುವ ಪೆಟ್ಟಿಗೆಯೊಂದನ್ನು ಹೊತ್ತಿರಬೇಕು; ಆ ಪೆಟ್ಟಿಗೆಗೆ ನಾವು ನಾಲ್ವರು ಒಂದು ವರ್ಷ ದುಡ್ಡು ಕೂಡಿಹಾಕಿದೆವು.

ನನ್ನ ಪಾಲಿಗೆ ಇವೆಲ್ಲಕ್ಕಿಂತ ಮುಂಚಿನ ಇನ್ನೊಂದು ನಿಯಮವಿತ್ತು. ಅಮೆರಿಕದಲ್ಲಿ ವಿಮಾನವನ್ನು ತನ್ನ ಹೆಸರಿಗೆ ನೋಂದಾಯಿಸಬೇಕಾದರೆ ವ್ಯಕ್ತಿ ಇಲ್ಲಿನ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪಡೆದಿರಬೇಕು. ಹೆಚ್1ಬಿ ವೀಸಾದಲ್ಲಿದ್ದುಕೊಂಡು ಮನೆ ಕೊಳ್ಳಬಹುದು, ಕಾರು ಕೊಳ್ಳಬಹುದು, ಬೆರಳಚ್ಚು ಕೊಟ್ಟು ಅನುಮತಿ ಸಿಕ್ಕರೆ ಹಾರಲು ಕಲಿಯಲೂಬಹುದು. ಆದರೆ ಕಲಿತ ಮೇಲೆ ಸ್ವಂತ ಹೆಸರಿನಲ್ಲಿ ವಿಮಾನ ಇಟ್ಟುಕೊಳ್ಳುವಂತಿಲ್ಲ. ಇಂಡಿಯಾದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡಿನ ಸರತಿ ಎಷ್ಟು ಉದ್ದವೆಂದು ಇದನ್ನು ಓದುವ ಅನೇಕರಿಗೆ ನಾನು ಹೇಳಬೇಕಾಗಿಲ್ಲ. ಲೈಸೆನ್ಸ್ ಕೈಯಲ್ಲಿಟ್ಟುಕೊಂಡು ಒಂಬತ್ತು ವರ್ಷ ಬಾಡಿಗೆ ವಿಮಾನ ಹಾರಿಸಿದೆ. ಕೊನೆಗೆ ಕಾರ್ಡು ಬಂದ ಸುದ್ದಿಯನ್ನು ಬೆಂಗಳೂರಿನಲ್ಲಿರುವ ಅಮ್ಮನಿಗೆ ಹೇಳಿ, ಇನ್ನು ವಿಮಾನದಲ್ಲಿ ಪಾಲು ತೆಗೆದುಕೊಳ್ಳುತ್ತೇನೆ ಎಂದಾಗ ಅವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. “ಅಷ್ಟು ದುಡ್ಡು ಕೊಟ್ಟು ಎಲ್ಲಿಗೆ ಹೋಗ್ತೀಯೋ?” “ಎಲ್ಲಿಗೂ ಇಲ್ಲಮ್ಮ, ಹೋಗಿ ವಾಪಸ್ ಬರ್ತೀನಿ.” “ಅದಕ್ಕೆ ನಿಮ್ಮಪ್ಪನ್ನ ಅನ್ನಬೇಕು,” ಎಂದು ಅವರು ಫೋನಿಟ್ಟರು.

ಅಪ್ಪನನ್ನು ಅನ್ನಬೇಕಾದದ್ದು ನಿಜ. ಎಂಬತ್ತರ ದಶಕದಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಮಲ್ಲೇಶ್ವರದಿಂದ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ನನ್ನನ್ನು ಜಕ್ಕೂರಿಗೆ ಕರೆದುಕೊಂಡು ಹೋಗುತ್ತಿದ್ದವರು ಅವರೇ. ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಬೇಲಿಯಾಚೆ ಹೆಚ್‌ಎಎಲ್ ಮಾಡಿದ ಪುಷ್ಪಕ್ ವಿಮಾನ ನಿಂತಿರುತ್ತಿತ್ತು. 1958ರಲ್ಲಿ ಮೊದಲು ಹಾರಿದ, ಎರಡೇ ಸೀಟಿನ, ರೆಕ್ಕೆಗೆ ಬಟ್ಟೆ ಹೊದಿಸಿದ ವಿಮಾನ ಅದು. ಒಮ್ಮೆ ಒಳಗೆ ಬಿಟ್ಟ ಖಾಕಿ ಅಂಗಿಯ ಕೆಲಸಗಾರರು ಆ ರೆಕ್ಕೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಮೃದಂಗದ ಎಡಗಡೆಯಂತೆ ಧಿಂ ಎಂದಿತು. ಶಬ್ದ ಸಡಿಲವಾದರೆ ಬಟ್ಟೆ ಸಡಿಲವಾಗಿದೆಯೆಂದು ಅರ್ಥ ಎಂದು ಅವರು ವಿವರಿಸಿದ್ದರು. ತಟ್ಟಿದರೆ ತನ್ನ ಆರೋಗ್ಯವನ್ನು ತಾನೇ ಹೇಳುವ ಯಂತ್ರ ಎಂಬ ಆ ಕಲ್ಪನೆ ನನ್ನ ತಲೆಯಿಂದ ಹೋಗಲೇ ಇಲ್ಲ.

ಕೆಳಗಿನ ಪ್ಲಗ್ಗು

ವಿಮಾನದ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಎರಡು ಮ್ಯಾಗ್ನೆಟೊಗಳಿರುತ್ತವೆ, ಎಂದರೆ ಎಂಜಿನ್ನಿನ ತಿರುಗುವಿಕೆಯಿಂದಲೇ ಕಿಡಿಗೆ ಬೇಕಾದ ಕರೆಂಟು ಹುಟ್ಟಿಸುವ ಸಾಧನಗಳು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ನಮ್ಮದು ನಾಲ್ಕು ಸಿಲಿಂಡರಿನ 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನು, ಸಿಲಿಂಡರಿಗೆ ಮೇಲೊಂದು ಕೆಳಗೊಂದರಂತೆ ಕಿಡಿ ಹಾರಿಸುವ ಎಂಟು ಸ್ಪಾರ್ಕ್ ಪ್ಲಗ್ಗುಗಳು. ಹಾರುವ ಮುನ್ನ ರನ್‌ವೇ ಪಕ್ಕದಲ್ಲಿ ನಿಂತು ಎಂಜಿನ್ನಿನ ವೇಗವನ್ನು ನಿಮಿಷಕ್ಕೆ 1700 ಸುತ್ತುಗಳಿಗೆ ಏರಿಸಿ, ಕೀಲಿಯನ್ನು ತಿರುಗಿಸಿ ಒಂದೊಂದೇ ಮ್ಯಾಗ್ನೆಟೊದ ಮೇಲೆ ಓಡಿಸಿ ನೋಡಬೇಕು. ವೇಗ ಸ್ವಲ್ಪ ಇಳಿಯುತ್ತದೆ, ಇಳಿಯಲೇಬೇಕು. ಆದರೆ 125 ಸುತ್ತಿಗಿಂತ ಹೆಚ್ಚು ಇಳಿಯಬಾರದು. ಹೋದ ಶರತ್ಕಾಲದಲ್ಲಿ ಒಂದು ದಿನ ಬಲಗಡೆಯ ಮ್ಯಾಗ್ನೆಟೊಗೆ ತಿರುಗಿಸಿದಾಗ ಮುಳ್ಳು ಇನ್ನೂರರಷ್ಟು ಕುಸಿದು, ಇಡೀ ವಿಮಾನ ಚಳಿಜ್ವರ ಬಂದವರಂತೆ ನಡುಗಿತು. ಇಂಧನದ ಮಿಶ್ರಣವನ್ನು ತೆಳುಮಾಡಿ ಎರಡು ನಿಮಿಷ ಜೋರಾಗಿ ಓಡಿಸಿದರೆ ಕೆಲವೊಮ್ಮೆ ಕೊಳೆ ಸುಟ್ಟುಹೋಗುತ್ತದೆ. ಆ ದಿನ ಹೋಗಲಿಲ್ಲ. ಹಿಂದಿರುಗಿಸಿಕೊಂಡು ಹ್ಯಾಂಗರಿಗೆ ಬಂದೆ.

ನಮ್ಮ ಮೆಕ್ಯಾನಿಕ್ ಎಪ್ಪತ್ತು ದಾಟಿದವರು. ಮಾತು ಕಡಿಮೆ. ಯಾವ ಸಿಲಿಂಡರೆಂದು ಹುಡುಕಲು ಅವರು ಕಂಪ್ಯೂಟರನ್ನೇನೂ ತಗುಲಿಸಲಿಲ್ಲ. ತಣ್ಣಗಿದ್ದ ಎಂಜಿನ್ನನ್ನು ಅದೇ ಕೆಟ್ಟ ಮ್ಯಾಗ್ನೆಟೊದ ಮೇಲೆ ಅರ್ಧ ನಿಮಿಷ ಓಡಿಸಲು ನನಗೆ ಹೇಳಿ, ನಿಲ್ಲಿಸಿದ ಕೂಡಲೇ ಹೊಗೆಕೊಳವೆಗಳ ಹತ್ತಿರ ಕೈ ಒಯ್ದು ನೋಡಿದರು. ಮೂರು ಬಿಸಿ, ಒಂದು ಬೆಚ್ಚಗೆ. “ಇದು,” ಎಂದರು. ಕೆಳಗಿನ ಪ್ಲಗ್ಗನ್ನು ಬಿಚ್ಚಿ, ಬೆಳಕಿಗೆ ಹಿಡಿದು, ದಂತವೈದ್ಯರ ಕಡ್ಡಿಯಂಥದೊಂದರಿಂದ ಕೆದಕಿದಾಗ ಬಿಳಿ ಕಾಗದದ ಮೇಲೆ ಬೂದುಬಣ್ಣದ ಎರಡು ಕಾಳುಗಳು ಬಿದ್ದವು. ಒಂದು ಸಾಸಿವೆಯಷ್ಟು, ಇನ್ನೊಂದು ರಾಗಿಯಷ್ಟು. ಸೀಸ. ವಿಮಾನದ ಪೆಟ್ರೋಲಿನಲ್ಲಿ ಬೆರೆಸಿದ ಸೀಸ ಪೂರ್ತಿ ಹೊರಗೆ ಹೋಗದೆ, ಕೆಳಗಿನ ಪ್ಲಗ್ಗಿನ ಬುಡದಲ್ಲಿ ಕೂತು ಕೂತು ಮಣಿಯಾಗಿ, ಕಿಡಿ ಹಾರುವ ಜಾಗವನ್ನೇ ಮುಚ್ಚಿತ್ತು. ಅವರು ಎಂಟೂ ಪ್ಲಗ್ಗುಗಳನ್ನು ತೊಳೆದು, ಸಂದು ಅಳೆದು, ಮೇಲಿನವನ್ನು ಕೆಳಗೂ ಕೆಳಗಿನವನ್ನು ಮೇಲೂ ಬದಲಾಯಿಸಿ ಕೂರಿಸಿದರು. ಆಮೇಲೆ ಎಂಜಿನ್ನಿನ ಲಾಗ್‌ಬುಕ್ ತೆಗೆದು ತಾರೀಖು, ಎಂಜಿನ್ನು ಓಡಿದ ಗಂಟೆ, ಮಾಡಿದ ಕೆಲಸ ಬರೆದು ಸಹಿ ಹಾಕಿ, ಸಹಿಯ ಪಕ್ಕದಲ್ಲಿ ತಮ್ಮ ಲೈಸೆನ್ಸಿನ ಸಂಖ್ಯೆ ಬರೆದರು. ನಾನು ಆ ಸೀಸದ ಮಣಿಗಳನ್ನು ಕಾಗದದಲ್ಲಿ ಮಡಚಿ ಜೇಬಿಗಿಟ್ಟುಕೊಂಡೆ. ಏಕೆಂದು ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಆ ಲಾಗ್‌ಬುಕ್ಕನ್ನು ಹಿಂದಕ್ಕೆ ತಿರುವಿದರೆ 1974ರ ತನಕ ಹೋಗಬಹುದು. ಕಾನ್ಸಾಸಿನ ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಇಂದಿನವರೆಗೆ ಈ ಯಂತ್ರಕ್ಕೆ ಕೈಹಾಕಿದ ಪ್ರತಿಯೊಬ್ಬರೂ ಅದರಲ್ಲಿ ಸಹಿ ಮಾಡಿದ್ದಾರೆ. ಕೆಲವರ ಕೈಬರಹ ಮುತ್ತಿನಂತೆ, ಕೆಲವರದು ಕೋಳಿ ಕಾಲು. ಅನೇಕರು ಈಗ ಬದುಕಿರಲಾರರು. ಸುಳ್ಳು ಬರೆದರೆ ಲೈಸೆನ್ಸೇ ಹೋಗುತ್ತದೆ. ಅಂದರೆ ನಾನು ಎಂಟು ಸಾವಿರ ಅಡಿಯಲ್ಲಿ ಕೂತು ನಂಬಿಕೊಂಡಿರುವುದು ಯಾವುದೋ ಕಂಪನಿಯ ಹೆಸರನ್ನಲ್ಲ, ಒಂದು ಸಾಲು ಸಹಿಗಳನ್ನು.

ಇನ್ನು ನನ್ನ ಬ್ಯಾಂಕು. ಅದೇ ತಿಂಗಳು ನನ್ನ ಖಾತೆ ಒಂದು ಬೆಳಿಗ್ಗೆ ಬೀಗ ಹಾಕಿಕೊಂಡಿತು. ಮೂರು ವಾರದಲ್ಲಿ ಹದಿನಾಲ್ಕು ಬಾರಿ ಫೋನ್ ಮಾಡಿದೆ. ಒಮ್ಮೆ ನಲವತ್ತೇಳು ನಿಮಿಷ ಸಂಗೀತ ಕೇಳಿದೆ. ಮಾತಾಡಿದವರೆಲ್ಲ ಸಭ್ಯರೇ. ಆದರೆ ಪ್ರತಿಯೊಬ್ಬರೂ ಹೇಳಿದ್ದು ಒಂದೇ ವಾಕ್ಯ: “ಸಿಸ್ಟಮ್ ಹಾಗೆ ತೋರಿಸುತ್ತಿದೆ ಸರ್.” ಬೀಗ ಹಾಕಿದ್ದು ಯಾರು? ಸಿಸ್ಟಮ್. ಏಕೆ? ಸಿಸ್ಟಮ್ ಕಾರಣ ತೋರಿಸುವುದಿಲ್ಲ. ಯಾರು ತೆಗೆಯಬಲ್ಲರು? ಅರ್ಜಿ ಮೇಲಿನವರಿಗೆ ಹೋಗಿದೆ. ಇಪ್ಪತ್ತೆರಡನೆಯ ದಿನ ಖಾತೆ ತಾನಾಗಿಯೇ ತೆರೆದುಕೊಂಡಿತು. ಯಾವ ಪ್ಲಗ್ಗು ಕೆಟ್ಟಿತ್ತು, ಯಾರು ಕೆದಕಿದರು, ಯಾವ ಕಾಳು ಬಿತ್ತು, ಇವತ್ತಿಗೂ ಗೊತ್ತಿಲ್ಲ. ಖಾತೆ ಮುಚ್ಚಿದ್ದಕ್ಕಿಂತ ಹೀಗೆ ಸುಮ್ಮನೆ ತೆರೆದುಕೊಂಡದ್ದೇ ನನ್ನನ್ನು ಹೆಚ್ಚು ಕೆರಳಿಸಿತು ಎಂದು ಕಟ್ಟೆಯಲ್ಲಿ ಹೇಳಿದಾಗ ಮೇಷ್ಟ್ರು ಕುರ್ಚಿಯ ಕೈ ಕುಟ್ಟಿ ಒಪ್ಪಿದರು. ಅವರ ಔಷಧಿಯೂ ಹಾಗೆಯೇ ಒಂದು ದಿನ ಸಿದ್ಧವಾಗಿತ್ತಂತೆ.

ಎಷ್ಟು ಜೀವಗಳು

ಕಟ್ಟೆಯ ಮಾತುಗಳಲ್ಲಿ ಎಂದೂ ದೂರಿಗೆ ಗುರಿಯಾಗದ ಇನ್ನೊಂದು ವರ್ಗವಿದೆ: ರೇಡಿಯೊದ ಆ ತುದಿಯಲ್ಲಿದ್ದು ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರುಗಳು. ಸರ್ಕಾರವನ್ನು ಕಂಡರಾಗದ ನಮ್ಮ ಕೊಳಾಯಿಯವರಿಗೂ ಇವರ ಮೇಲೆ ಪ್ರೀತಿ. ಕಾರಣವನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ಸಿಯೆರಾ ಬೆಟ್ಟಗಳ ತಪ್ಪಲಿನ ಕೊಲಂಬಿಯಾ ಎಂಬ ಊರಿಗೆ ಹೋಗಿ ಹಿಂದಿರುಗುತ್ತಿದ್ದೆ. ಮಧ್ಯಾಹ್ನ ಮುಗಿಯುತ್ತಾ ಬಂದಿತ್ತು. ಕೆಳಗೆ ಸೆಂಟ್ರಲ್ ವ್ಯಾಲಿಯ ಬಾದಾಮಿ ತೋಟಗಳ ಮೇಲೆ ಚಳಿಗಾಲದ ಮಬ್ಬು, ಎದುರಿಗೆ ಇಳಿಬಿಸಿಲು; ಹಾಲಿನೊಳಗೆ ದೀಪ ಹಚ್ಚಿದಂತಿತ್ತು. ಆಗ ಕರೆಂಟಿನ ಮುಳ್ಳು ಎಡಕ್ಕೆ ವಾಲಿರುವುದು ಕಂಡಿತು. ಕರೆಂಟು ತಯಾರಿಸುವ ಆಲ್ಟರ್ನೇಟರ್ ನಿಂತಿದೆ; ಬ್ಯಾಟರಿಯಲ್ಲಿ ಉಳಿದಿರುವಷ್ಟು ಹೊತ್ತು ಮಾತ್ರ ರೇಡಿಯೊ, ದೀಪ. ಎಂಜಿನ್ನಿಗೆ ಇದರಿಂದ ಏನೂ ಆಗುವುದಿಲ್ಲ, ಮ್ಯಾಗ್ನೆಟೊಗಳಿಗೆ ಬ್ಯಾಟರಿಯ ಹಂಗಿಲ್ಲ. ರೆಕ್ಕೆ ಮೇಲಿರುವುದರಿಂದ ಪೆಟ್ರೋಲು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಇದೆಲ್ಲ ಗೊತ್ತಿದ್ದರೂ ಅಂಗೈ ಒದ್ದೆಯಾಗಿತ್ತು. ಆ ಭಾಗದ ಆಕಾಶ ನೋಡಿಕೊಳ್ಳುವ ಕಂಟ್ರೋಲರುಗಳ ಕೇಂದ್ರವಾದ ನಾರ್‌ಕ್ಯಾಲ್ ಅಪ್ರೋಚಿಗೆ ವಿಷಯ ತಿಳಿಸಿದೆ. ಗುಂಡಿಯಿಂದ ಬೆರಳು ತೆಗೆದು ಎರಡು ಸೆಕೆಂಡೂ ಆಗಿರಲಿಲ್ಲ, ಹೆಂಗಸಿನ ದನಿಯೊಂದು ನಮ್ಮ ವಿಮಾನದ ನಂಬರ್ ಹೇಳಿ ಕೇಳಿತು: ನೀವು ಏನು ಮಾಡಬೇಕೆಂದಿದ್ದೀರಿ?

ಈ ಪ್ರಶ್ನೆ ವಿಮಾನಯಾನದ ಮಾಮೂಲಿ ಪದಗಳಲ್ಲೊಂದು, ವಿಶೇಷವೇನೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಅದರ ತೂಕ ಬೇರೆಯಾಗಿತ್ತು. ನನಗೆ ಏನು ಬೇಕೆಂದು ಅವರು ತೀರ್ಮಾನಿಸಲಿಲ್ಲ, ಪಟ್ಟಿಯಿಂದ ಆರಿಸಿಕೊಳ್ಳಿ ಎನ್ನಲಿಲ್ಲ. ವಿಮಾನ ನಿಮ್ಮದು, ನಿರ್ಧಾರ ನಿಮ್ಮದು, ಹೇಳಿ, ನಾನು ಇಲ್ಲಿದ್ದೇನೆ ಎಂಬ ಅರ್ಥ ಅದರಲ್ಲಿತ್ತು. ಆಮೇಲೆ ಇನ್ನೆರಡು ಪ್ರಶ್ನೆ: ಪೆಟ್ರೋಲು ಎಷ್ಟು ಗಂಟೆಗಿದೆ, ವಿಮಾನದಲ್ಲಿ ಎಷ್ಟು ಜೀವಗಳಿವೆ. ಪ್ರಯಾಣಿಕರೆಂದಲ್ಲ, ಜೀವಗಳೆಂದೇ ಕೇಳುತ್ತಾರೆ. ಒಂದು, ಎಂದೆ. ಲಿವರ್‌ಮೋರಿಗೆ ಹೋಗುತ್ತೇನೆಂದೆ. ಅವರು ದಿಕ್ಕು ಹೇಳಿದರು, ಅಲ್ಲಿನ ಟವರಿಗೆ ಮುಂಚಿತವಾಗಿಯೇ ಸುದ್ದಿ ಮುಟ್ಟಿಸಿದರು, ರೇಡಿಯೊ ಸತ್ತರೆ ಟವರಿನ ಹಸಿರು ದೀಪ ನೋಡಿಕೊಂಡು ಇಳಿಯಿರಿ ಎಂದರು. ಬೇಡದ ಪೆಟ್ಟಿಗೆಗಳನ್ನೆಲ್ಲ ಆರಿಸಿ, ಇಳಿಯುವಾಗ ವೇಗ ತಗ್ಗಿಸಲು ನೆರವಾಗುವ ರೆಕ್ಕೆಯ ಫ್ಲ್ಯಾಪುಗಳನ್ನೂ ಬಳಸದೆ ಇಳಿದೆ. ಅವು ನಮ್ಮ ವಿಮಾನದಲ್ಲಿ ಕರೆಂಟಿನಿಂದ ನಡೆಯುವಂಥವು. ಬಾನೆಟ್ಟು ತೆಗೆದಾಗ ಕಂಡದ್ದು ತುಂಡಾದ ಒಂದು ರಬ್ಬರ್ ಬೆಲ್ಟು. ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಆದರೂ ಬ್ಯಾಂಕಿನ ಹದಿನಾಲ್ಕು ಜನರಲ್ಲಿ ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು ಹೇಳಿಯೇ ಮಾತು ಶುರುಮಾಡಿದ್ದರು ಎಂಬುದು ನೆನಪಾದಾಗ, ಹೆಸರಿಗೂ ಉತ್ತರಕ್ಕೂ ಸಂಬಂಧವಿಲ್ಲವೆಂದು ಹೊಳೆಯಿತು.

ಇದೇ ಬಗೆಯ ಇನ್ನೊಂದು ಏರ್ಪಾಡನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. 1976ರಿಂದ ನಾಸಾ ಸಂಸ್ಥೆ ಒಂದು ಕೆಲಸ ಮಾಡುತ್ತಿದೆ: ಹಾರಾಟದಲ್ಲಿ ತಪ್ಪು ಮಾಡಿದವರು ತಾವೇ ಕೂತು ಆ ತಪ್ಪನ್ನು ಬರೆದು ಕಳಿಸಬಹುದು. ಓದುವವರು ಅನುಭವಿ ಮನುಷ್ಯರು. ಹೆಸರಿರುವ ಚೀಟಿಯನ್ನು ಕತ್ತರಿಸಿ ಬರೆದವರಿಗೇ ಹಿಂದಿರುಗಿಸುತ್ತಾರೆ. ಬೇಕೆಂದು ಮಾಡಿದ ತಪ್ಪಲ್ಲದಿದ್ದರೆ, ಹತ್ತು ದಿನದೊಳಗೆ ಹೀಗೆ ಬರೆದುಕೊಂಡವರ ಮೇಲೆ ಲೈಸೆನ್ಸ್ ಅಮಾನತಿನಂಥ ಶಿಕ್ಷೆಯನ್ನು ಸಾಮಾನ್ಯವಾಗಿ ಹೇರುವುದಿಲ್ಲ. ನಾನೂ ಒಮ್ಮೆ ಬರೆದಿದ್ದೇನೆ. ಮುದ್ರೆ ಬಿದ್ದ ಚೀಟಿ ಅಂಚೆಯಲ್ಲಿ ವಾಪಸ್ ಬಂತು. ನಿಯಮಗಳ ಈ ಕಾಡಿನಲ್ಲಿ ನಮ್ಮ ಕಟ್ಟೆಯವರು ಏಕೆ ಗೊಣಗದೆ ಬದುಕುತ್ತಾರೆಂಬುದಕ್ಕೆ ನನಗೆ ಸಿಕ್ಕ ಉತ್ತರ ಇದೇ ಆಗಿತ್ತು. ಇಲ್ಲಿ ಪ್ರತಿಯೊಂದು ನಿಯಮದ ಹಿಂದೆ ಎಲ್ಲೋ ಒಂದು ಅಪಘಾತವಿದೆ, ಪ್ರತಿಯೊಂದು ಕೆಲಸದ ಕೆಳಗೆ ಒಂದು ಸಹಿಯಿದೆ, ಕರೆದರೆ ಓಗೊಡುವವರಿದ್ದಾರೆ. ನೆಲದ ಮೇಲಿನ ಬದುಕಿನಲ್ಲಿ ಇವು ಮೂರೂ ಕಳೆದುಹೋಗುತ್ತಿರುವುದರಿಂದ, ಇವುಗಳ ರುಚಿ ಕಂಡವರಿಗೇ ಪಾರ್ಕಿಂಗ್ ಆ್ಯಪ್ ಹೆಚ್ಚು ಉರಿಯುತ್ತದೆ. ಈ ಬರಹವನ್ನು ಇಲ್ಲಿಗೇ ಮುಗಿಸುವವನಿದ್ದೆ. ಆಗ ಗ್ರಂಥಾಲಯದ ಆ ಸಭೆ ನಡೆಯಿತು.

ಬೇಲಿಯ ಆಚೆ

ನಮ್ಮ ಏರ್‌ಪೋರ್ಟಿನ ಹೆಸರು ಇಲ್ಲಿ ಬೇಡ. ಅದರ ರನ್‌ವೇಯ ತುದಿಯಿಂದ ಸ್ವಲ್ಪ ದೂರಕ್ಕೇ ಸಾಲುಮನೆಗಳು ಶುರುವಾಗುತ್ತವೆ. ಅಕ್ಟೋಬರಿನಲ್ಲಿ ನಗರದವರು ನಿವಾಸಿಗಳನ್ನೂ ವಿಮಾನದವರನ್ನೂ ಒಟ್ಟಿಗೆ ಗ್ರಂಥಾಲಯದ ಸಭೆಗೆ ಕರೆದಿದ್ದರು. ನಾವು ನಾಲ್ವರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಏರ್‌ಪೋರ್ಟ್ ಬಂದ ಮೇಲೆ ಮನೆ ಕಟ್ಟಿಕೊಂಡವರು ಈಗ ಶಬ್ದವೆಂದು ದೂರುವುದು ಯಾವ ನ್ಯಾಯ ಎಂಬ ಹಳೆಯ ವಾದವನ್ನು ಮೇಷ್ಟ್ರು ಕಾಗದದ ಮೇಲೆ ಬರೆದುಕೊಂಡು ಬಂದಿದ್ದರು. ಅದನ್ನು ಓದುವ ಸರದಿ ಬರುವ ಮೊದಲೇ ಮಧ್ಯವಯಸ್ಸಿನ ಹೆಂಗಸೊಬ್ಬರು ಎದ್ದು ನಿಂತರು. ಕೈಯಲ್ಲಿ ಮಕ್ಕಳ ಶಾಲೆಯ ರೂಲು ಪುಸ್ತಕ. ಶಬ್ದದ ದೂರಿಗೆಂದು ಕೊಟ್ಟಿರುವ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ಹನ್ನೊಂದು ಸಲವೂ ಯಂತ್ರವೇ ಮಾತಾಡಿತು, ಒಮ್ಮೆಯೂ ಯಾರೂ ತಿರುಗಿ ಕರೆಯಲಿಲ್ಲ, ಅದಕ್ಕೇ ಬರೆದಿಡಲು ಶುರುಮಾಡಿದೆ ಎಂದು ಹೇಳಿ, ಪುಸ್ತಕ ತೆರೆದು ಓದತೊಡಗಿದರು. ತಾರೀಖು, ಗಂಟೆ, ಬಣ್ಣ, ಎಷ್ಟು ಸಲ. ದನಿಯಲ್ಲಿ ಸಿಟ್ಟಿರಲಿಲ್ಲ, ಹಾಜರಿ ಕೂಗುವಂತಿತ್ತು. “ಸೆಪ್ಟೆಂಬರ್ ಕೊನೆಯ ಶನಿವಾರ, ಬೆಳಿಗ್ಗೆ 9:40ರಿಂದ, ಬಿಳಿ ವಿಮಾನ, ನೀಲಿ ಪಟ್ಟಿ, ನಾಲ್ಕು ಸಲ.”

ದಂತವೈದ್ಯೆ ನನ್ನ ಕಡೆ ತಿರುಗಿ ನೋಡಿದರು. ಬಿಳಿಗೆ ನೀಲಿ ಪಟ್ಟಿಯ ವಿಮಾನ ಅಲ್ಲಿ ಇನ್ನೂ ಎರಡೋ ಮೂರೋ ಇವೆ. ಆದರೆ ಆ ವಾರ ಮೈಸೂರಿನಿಂದ ಅಕ್ಕನ ಮಗ ಬರುವವನಿದ್ದ. ಅವನನ್ನು ಕೂರಿಸಿಕೊಳ್ಳಲು ತೊಂಬತ್ತು ದಿನದ ಲೆಕ್ಕದಲ್ಲಿ ಮೂರು ಇಳಿತ ಬೇಕಿತ್ತು, ಮೂರನೆಯದು ಒರಟಾಗಿದ್ದರಿಂದ ನಾಲ್ಕನೆಯದನ್ನೂ ಮಾಡಿದ್ದೆ. ಆ ರಾತ್ರಿ ಮನೆಗೆ ಬಂದು ನನ್ನ ಲಾಗ್‌ಬುಕ್ ತೆಗೆದು ನೋಡಿದೆ. ಅದೇ ಶನಿವಾರ. ಇಳಿತ: 4. ಕೆಳಗೆ ನನ್ನ ಸಹಿ. ಒಂದೇ ಅರ್ಧ ಗಂಟೆಯನ್ನು ಸಾವಿರ ಅಡಿ ಅಂತರದಲ್ಲಿ ಇಬ್ಬರು ಎರಡು ಪುಸ್ತಕಗಳಲ್ಲಿ ಬರೆದಿಟ್ಟಿದ್ದೆವು.

ಅವರು ಶಬ್ದದ ಬಗ್ಗೆಯಷ್ಟೇ ಮಾತಾಡಿರಲಿಲ್ಲ. ಕೊನೆಯಲ್ಲಿ, ನನ್ನ ಮೊಮ್ಮಗು ಹಿತ್ತಿಲಲ್ಲಿ ಮಣ್ಣಿನಲ್ಲಿ ಆಡುತ್ತದೆ, ಸೀಸದ ವಿಷಯ ನಮಗೂ ಗೊತ್ತು ಎಂದು ಒಂದೇ ಮಾತು ಸೇರಿಸಿ ಕೂತಿದ್ದರು. ಗೊತ್ತಿರದಿರಲು ಸಾಧ್ಯವೂ ಇಲ್ಲ. ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನ ಹತ್ತಿರದ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಹೆಚ್ಚಿರುವುದನ್ನು 2021ರ ಅಧ್ಯಯನವೊಂದು ತೋರಿಸಿದ ಮೇಲೆ, ಸಾಂಟಾ ಕ್ಲಾರಾ ಕೌಂಟಿ 2022ರ ಜನವರಿಯಿಂದ ತನ್ನ ಎರಡು ಏರ್‌ಪೋರ್ಟುಗಳಲ್ಲಿ ಸೀಸದ ಪೆಟ್ರೋಲಿನ ಮಾರಾಟವನ್ನೇ ನಿಲ್ಲಿಸಿತು. 2023ರಲ್ಲಿ ಕೇಂದ್ರದ ಪರಿಸರ ಸಂಸ್ಥೆಯೇ ಈ ಹೊಗೆ ಜನರ ಆರೋಗ್ಯಕ್ಕೆ ಅಪಾಯವೆಂದು ಘೋಷಿಸಿತು. ಕಾರುಗಳ ಪೆಟ್ರೋಲಿನಿಂದ ಸೀಸ ಈ ದೇಶದಲ್ಲಿ 1996ರಲ್ಲೂ ನಮ್ಮಲ್ಲಿ 2000ದಲ್ಲೂ ಹೋಯಿತು. ಸಣ್ಣ ವಿಮಾನಗಳಲ್ಲಿ ಮಾತ್ರ ಉಳಿದುಕೊಂಡಿದೆ. ಈ ಸುದ್ದಿಗಳು ಬಂದಾಗಲೆಲ್ಲ ನಮ್ಮ ಕಟ್ಟೆಯಲ್ಲಿ ಅವೂ ‘ಆಧುನಿಕ ಬದುಕಿನ ಕಿರಿಕಿರಿ’ಗಳ ಪಟ್ಟಿಗೇ ಸೇರುತ್ತಿದ್ದವು. ಪಾರ್ಕಿಂಗ್ ಆ್ಯಪ್, ಫ್ರಿಜ್ಜು, ಸೀಸದ ನಿಷೇಧ.

ಮೇಜಿನ ಡ್ರಾಯರಿನಿಂದ ಆ ಕಾಗದದ ಮಡಿಕೆ ತೆಗೆದೆ. ನಾವು ಹಾಕಿಸುವ ಪೆಟ್ರೋಲಿನಲ್ಲಿ ಲೀಟರಿಗೆ ಹೆಚ್ಚೆಂದರೆ 0.56 ಗ್ರಾಂ ಸೀಸವಿರುತ್ತದೆ. ನಮ್ಮ ಎಂಜಿನ್ನು ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ. ಅಂದರೆ ಗಂಟೆಗೆ ಹದಿನೇಳು ಗ್ರಾಂವರೆಗೆ. ನಾಲ್ಕು ಸುತ್ತಿನ ಆ ಅರ್ಧ ಗಂಟೆಗೆ ಎಂಟು. ಸೀಸ ಎಂಜಿನ್ನಿನೊಳಗೆ ಉಳಿಯದೆ ಹೊಗೆಯೊಂದಿಗೆ ಹೊರಟುಹೋಗಲೆಂದೇ ಪೆಟ್ರೋಲಿನಲ್ಲಿ ಬ್ರೋಮಿನ್ನಿನ ಸಂಯುಕ್ತವೊಂದನ್ನು ಸೇರಿಸಿರುತ್ತಾರೆ. ಆದ್ದರಿಂದ ನಾವು ಪ್ಲಗ್ಗು ಬಿಚ್ಚಿ ಕೆದಕಿ ತೆಗೆದ ಆ ಸಾಸಿವೆ, ರಾಗಿ, ಹೊರಗೆ ಹೋಗಲು ಆಗದೆ ಸಿಕ್ಕಿಕೊಂಡ ಚೂರು ಮಾತ್ರ. ಹೋದದ್ದು ಹೋಗಬೇಕಾದ ಕಡೆಗೇ ಹೋಗಿತ್ತು.

ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ. ಹೆಚ್ಚು ಶಕ್ತಿಯ ಎಂಜಿನ್ನುಗಳಿಗೆ ಆ ಸೀಸ ಬೇಕೆಂಬ ವಾದಕ್ಕೆ ಅರ್ಥವಿದೆ. ಅದಿಲ್ಲದಿದ್ದರೆ ಅವು ಬಡಿದುಕೊಂಡು ಹಾಳಾಗುತ್ತವೆ. ನಮ್ಮದು ಹಾಗಲ್ಲ. ಅದನ್ನು ರೂಪಿಸಿದ್ದೇ 80 ಆಕ್ಟೇನಿನ ಪೆಟ್ರೋಲಿಗೆ (ಎಂಜಿನ್ನು ಹೀಗೆ ಬಡಿದುಕೊಳ್ಳದಂತೆ ತಡೆಯುವ ಗುಣದ ಅಳತೆಯೇ ಆಕ್ಟೇನ್). ಈಗಿನದರಲ್ಲಿ ಅದಕ್ಕಿಂತ ನಾಲ್ಕು ಪಟ್ಟು ಸೀಸವಿರುವುದರಿಂದಲೇ ಪ್ಲಗ್ಗಿನಲ್ಲಿ ಮಣಿ ಕಟ್ಟುವುದು. ಸೀಸವಿಲ್ಲದ 94 ಆಕ್ಟೇನಿನ ಪೆಟ್ರೋಲಿನಲ್ಲಿ ನಮ್ಮ ಎಂಜಿನ್ನು ಇನ್ನೂ ನೆಮ್ಮದಿಯಾಗಿ ಓಡುತ್ತದೆ. ಬೇಕಾದದ್ದು ಒಂದು ಅನುಮತಿ ಪತ್ರ, ಪೆಟ್ರೋಲ್ ತುಂಬಿಸುವ ಬಾಯಿಯ ಬಳಿ ಎರಡು ಸ್ಟಿಕ್ಕರ್, ಲಾಗ್‌ಬುಕ್ಕಿನಲ್ಲಿ ಒಂದು ಸಹಿ. ನಮ್ಮ ಏರ್‌ಪೋರ್ಟಿನಲ್ಲಿ ಅದು ಸಿಗುವುದಿಲ್ಲ, ಇಪ್ಪತ್ತು ನಿಮಿಷ ಹಾರಿ ಬೇರೆ ಕಡೆ ತುಂಬಿಸಿಕೊಂಡು ಬರಬೇಕು, ಬೆಲೆಯೂ ಹೆಚ್ಚು. ಇಷ್ಟು ವರ್ಷ ನಾವು ಅದನ್ನು ಮಾಡದಿದ್ದುದಕ್ಕೆ ಬೇರೆ ಕಾರಣವಿಲ್ಲ. ನಾಲ್ವರಲ್ಲಿ ಯಾರು ಬೇಡವೆಂದದ್ದು ಎಂದು ಕೇಳಿದರೆ, ಯಾರೂ ಎಂದಿರಲಿಲ್ಲ. ಮಾತು ಎಂದೂ ಅಲ್ಲಿಯ ತನಕ ಬಂದಿರಲೇ ಇಲ್ಲ.

ಈಗ ಬಂದಿದೆ. ಮೂರು ಶನಿವಾರ ವಾದ ನಡೆಯಿತು. ಮೇಷ್ಟ್ರು ತಮ್ಮ ಕಾಗದವನ್ನು ಇನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ. ಏರ್‌ಪೋರ್ಟ್ ಮೊದಲು ಬಂತು ಎಂಬುದು ಈಗಲೂ ಸತ್ಯವೇ ಎನ್ನುತ್ತಾರೆ, ಅದೂ ಸತ್ಯವೇ. ಕೊಳಾಯಿಯವರು ಲೆಕ್ಕ ಹಾಕಿ, ಗಂಟೆಗೆ ಇಷ್ಟು ಹೆಚ್ಚಾಗುತ್ತದೆ, ಆದರೆ ಪ್ಲಗ್ಗು ತೊಳೆಸುವ ಖರ್ಚು ಉಳಿಯುತ್ತದೆ ಎಂದರು. ದಂತವೈದ್ಯೆ ಯಾರನ್ನೂ ಕೇಳದೆ ಅನುಮತಿ ಪತ್ರ ತರಿಸಿಬಿಟ್ಟರು. ಹೋದ ವಾರ ನಮ್ಮ ಮೆಕ್ಯಾನಿಕ್ ಸ್ಟಿಕ್ಕರ್ ಅಂಟಿಸಿ, ಎಂದಿನ ಹಾಗೆ ಏನೂ ಮಾತಾಡದೆ, ತಾರೀಖು ಬರೆದು ಸಹಿ ಹಾಕಿದರು.

ಸಭೆಯಾದ ಮರುದಿನ ಬೆಳಿಗ್ಗೆ ನಾನು ಆ ಶಬ್ದದ ದೂರಿನ ನಂಬರಿಗೆ ಫೋನ್ ಮಾಡಿದ್ದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಸ್ಪ್ಯಾನಿಷಿನಲ್ಲಿ ಧ್ವನಿಮುದ್ರಿತ ದನಿಯೊಂದು, ನಿಮ್ಮ ಕರೆ ನಮಗೆ ಮುಖ್ಯವೆಂದೂ, ತಾರೀಖು, ಸಮಯ ಮತ್ತು ವಿಮಾನದ ವಿವರವನ್ನು ಬೀಪ್ ಶಬ್ದದ ನಂತರ ಹೇಳಬೇಕೆಂದೂ ತಿಳಿಸಿತು. ಬೀಪ್ ಬಂದಾಗ ಏನು ಹೇಳುವುದೆಂದು ತೋಚದೆ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಸೆಪ್ಟೆಂಬರ್ ಕೊನೆಯ ಶನಿವಾರ, 9:40, ಬಿಳಿಗೆ ನೀಲಿ ಪಟ್ಟಿ, ನಾಲ್ಕು ಸಲ ಎಂದು ಹೇಳಿ, ನಮ್ಮ ವಿಮಾನದ ನಂಬರನ್ನೂ ನನ್ನ ಹೆಸರನ್ನೂ ಫೋನ್ ನಂಬರನ್ನೂ ಕೊಟ್ಟೆ. ಆ ಮನೆಯವರು ಮಾತಾಡಬೇಕೆಂದರೆ ನಾನು ಸಿದ್ಧ ಎಂದೂ ಸೇರಿಸಿದೆ. ಇದನ್ನು ಬರೆಯುವ ಹೊತ್ತಿಗೆ ಆರು ವಾರವಾಯಿತು. ಇನ್ನೂ ಯಾರೂ ಕರೆ ಮಾಡಿಲ್ಲ.